27 ವಿದ್ಯಾರ್ಥಿಗಳು, ಎರಡು ಪ್ರಶ್ನೆ: ಪೋರ್ಟ್ ವಿಲಾದ ತರಗತಿಯಿಂದ ಹೇಗ್ ನ್ಯಾಯಾಲಯದವರೆಗೆ

ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಗಳು ಕೊಚ್ಚಿಹೋದಾಗ ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಪದ: ಪರಿಹಾರ. ಪರಿಹಾರ ಕೇಂದ್ರ, ಪರಿಹಾರದ ಚೆಕ್, ಪರಿಹಾರದ ಪಟ್ಟಿ. ಬೆಳೆ ಹೋದರೆ ಬೆಳೆ ಪರಿಹಾರ, ಮನೆ ಹೋದರೆ ಮನೆ ಪರಿಹಾರ. ಅದು ತಡವಾಗಿ ಬರಬಹುದು, ಕಡಿಮೆ ಬರಬಹುದು. ಆದರೆ ನಷ್ಟವಾದವರು ಅದನ್ನು ಕೇಳಬಹುದು ಅನ್ನುವುದರಲ್ಲಿ ನಮಗ್ಯಾರಿಗೂ ಅನುಮಾನವಿಲ್ಲ, ಅಲ್ವಾ?

ಹವಾಮಾನ ಬದಲಾವಣೆ ಬಗ್ಗೆ ದೇಶಗಳು ಕೂತು ಮಾತಾಡುವ ಜಾಗದಲ್ಲಿ ಹಾಗಿಲ್ಲ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಹವಾಮಾನ ಬದಲಾವಣೆಯಿಂದ ಆಗುವ ‘ನಷ್ಟ ಮತ್ತು ಹಾನಿ’ಗೆಂದೇ 8ನೇ ವಿಧಿ ಇದೆ. ಆದರೆ ಒಪ್ಪಂದದ ಜೊತೆಗೇ ಅಂಗೀಕರಿಸಿದ ತೀರ್ಮಾನದ 51ನೇ ಪ್ಯಾರಾ ನೋಡಿ. ಈ ವಿಧಿಯ ಆಧಾರದ ಮೇಲೆ ಯಾರೂ ಹೊಣೆಗಾರಿಕೆ ಹೊರಿಸುವಂತಿಲ್ಲ, ಪರಿಹಾರ ಕೇಳುವಂತಿಲ್ಲ ಅಂತ ಅಲ್ಲಿ ಬರೆದಿದೆ. ಶ್ರೀಮಂತ ದೇಶಗಳು ಹಟ ಹಿಡಿದು ಹಾಕಿಸಿದ ಸಾಲು ಅದು. ಅಲ್ಲಿ ‘ನೆರವು’ ಅನ್ನಬಹುದು, ‘ಬೆಂಬಲ’ ಅನ್ನಬಹುದು, ‘ಸಾಲ’ ಅಂತೂ ಧಾರಾಳವಾಗಿ ಅನ್ನಬಹುದು. ಪರಿಹಾರ ಅನ್ನುವ ಹಾಗಿಲ್ಲ.

ಇದಾಗಿ ನಾಲ್ಕು ವರ್ಷಕ್ಕೆ ಶಾಂತಸಾಗರದ ಒಂದು ಸಣ್ಣ ದೇಶದಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು ಆ ಪದವನ್ನು ಮತ್ತೆ ಮಾತಿಗೆ ತಂದರು. ಹವಾಮಾನ ಮಾತುಕತೆಯಲ್ಲಿ ಯುವಜನರ ಪಾತ್ರ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಪ್ರಕರಣವನ್ನೇ. ಇದು ನಿಧಾನವಾಗಿ ನಡೆಯಿತು, ಹೆಚ್ಚಿನದು ಕಾಗದದ ಮೇಲೇ ನಡೆಯಿತು. ಹೇಗೆ ನಡೆಯಿತು ಅನ್ನುವುದರಲ್ಲೇ ಕಲಿಯುವುದಿದೆ.

ತರಗತಿ

ವನುವಾಟು ಸುಮಾರು 80 ದ್ವೀಪಗಳ ದೇಶ. ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ರಾಜಧಾನಿ ಪೋರ್ಟ್ ವಿಲಾದಲ್ಲಿ ದಕ್ಷಿಣ ಶಾಂತಸಾಗರ ವಿಶ್ವವಿದ್ಯಾಲಯದ ಕಾನೂನು ಶಾಲೆ ಇದೆ. 12 ದ್ವೀಪದೇಶಗಳು ಸೇರಿ ನಡೆಸುವ ವಿಶ್ವವಿದ್ಯಾಲಯ ಅದು. ಹಾಗಾಗಿ ಒಂದೇ ತರಗತಿಯಲ್ಲಿ ಫಿಜಿ, ಸಾಲೊಮನ್ ದ್ವೀಪಗಳು, ವನುವಾಟು ಹೀಗೆ ಬೇರೆ ಬೇರೆ ದೇಶದ ಮಕ್ಕಳು ಪಕ್ಕಪಕ್ಕ ಕೂತು ಓದುತ್ತಾರೆ.

2019ರ ಮಾರ್ಚ್‌ನಲ್ಲಿ ಪರಿಸರ ಕಾನೂನಿನ ಪಾಠದ ಭಾಗವಾಗಿ ಅವರಿಗೊಂದು ಕೆಲಸ ಕೊಟ್ಟರು. ಹವಾಮಾನ ಬದಲಾವಣೆ ವಿಷಯದಲ್ಲಿ ಅಂತರರಾಷ್ಟ್ರೀಯ ಕಾನೂನಿನಲ್ಲಿ ಏನೇನು ದಾರಿಗಳಿವೆ, ಅವುಗಳಲ್ಲಿ ಎಲ್ಲಕ್ಕಿಂತ ದೂರ ಹೋಗಬಲ್ಲದ್ದು ಯಾವುದು ಅಂತ ಹುಡುಕುವುದು. ಪರೀಕ್ಷೆಗೆ ಬರೆದು ಮರೆತುಬಿಡುವಂಥ ಕೆಲಸ. ಇವರು ಮರೆಯಲಿಲ್ಲ. ಆರಿಸಿಕೊಂಡದ್ದು ನೆದರ್ಲೆಂಡ್ಸ್‌ನ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದ ‘ಸಲಹಾ ಅಭಿಪ್ರಾಯ’ದ ದಾರಿ. ‘ಹವಾಮಾನ ಬದಲಾವಣೆ ವಿರುದ್ಧ ಹೋರಾಡುವ ಶಾಂತಸಾಗರ ದ್ವೀಪಗಳ ವಿದ್ಯಾರ್ಥಿಗಳು’ ಅನ್ನುವ ಉದ್ದ ಹೆಸರಿನ ಸಂಘ ಕಟ್ಟಿಕೊಂಡರು. ಸಾಲೊಮನ್ ದ್ವೀಪಗಳ ಸೊಲೊಮನ್ ಯೇಯೊ, ಸಿಂಥಿಯಾ ಹೌನಿಯುಹಿ, ಆಮೇಲೆ ಫಿಜಿಯ ವಿಶಾಲ್ ಪ್ರಸಾದ್ ಅದನ್ನು ಮುನ್ನಡೆಸಿದರು. ಮೊದಲ ಕೆಲಸವಾಗಿ ಶಾಂತಸಾಗರ ದ್ವೀಪದೇಶಗಳ ನಾಯಕರಿಗೆ ಪತ್ರ ಬರೆದರು.

ಪತ್ರವನ್ನು ಗಂಭೀರವಾಗಿ ತೆಗೆದುಕೊಂಡದ್ದು ವನುವಾಟು ಸರ್ಕಾರ. ಆಗ ವಿದೇಶಾಂಗ ಮಂತ್ರಿಯಾಗಿದ್ದ ರಾಲ್ಫ್ ರೆಗೆನ್ವಾನು ಬೆಂಬಲಕ್ಕೆ ನಿಂತರು. ಅದೇ ಆಗಸ್ಟ್‌ನಲ್ಲಿ ತುವಾಲುವಿನಲ್ಲಿ ದ್ವೀಪದೇಶಗಳ ನಾಯಕರ ಸಭೆ ನಡೆಯಿತು. ಪ್ರಸ್ತಾಪವನ್ನು ‘ಗಮನಿಸಲಾಗಿದೆ’ ಅಂತ ಹೇಳಿಕೆಯಲ್ಲಿ ಸೇರಿಸಿದರು. ಗಮನಿಸುವುದು ಅಂದರೆ ಒಪ್ಪುವುದಲ್ಲ. ಆದರೂ ತರಗತಿಯ ಒಂದು ಅಸೈನ್‌ಮೆಂಟ್ ಐದೇ ತಿಂಗಳಲ್ಲಿ ದೇಶಗಳ ನಾಯಕರ ಹೇಳಿಕೆಗೆ ಬಂದಿತ್ತು.

ಈ ದಾರಿಯೇ ಯಾಕೆ

ಪ್ರಕರಣದ ಜೀವಾಳ ಇಲ್ಲಿದೆ. ಸ್ವಲ್ಪ ನಿಧಾನವಾಗಿ ನೋಡೋಣ.

ಪ್ರತಿ ವರ್ಷ ನಡೆಯುವ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಗಳಲ್ಲಿ, ಅಂದರೆ ‘ಕಾಪ್’ಗಳಲ್ಲಿ, ಮತ ಹಾಕುವ ನಿಯಮಕ್ಕೆ ಇವತ್ತಿನವರೆಗೂ ಒಪ್ಪಿಗೆ ಸಿಕ್ಕಿಲ್ಲ. ಹಾಗಾಗಿ ಎಲ್ಲವೂ ಸರ್ವಸಮ್ಮತಿಯಿಂದಲೇ ಆಗಬೇಕು. ಕೆಲವೇ ದೇಶಗಳು ಕೈ ಅಡ್ಡ ಇಟ್ಟರೂ ಮಾತು ಅಲ್ಲೇ ನಿಲ್ಲುತ್ತದೆ. ಯುವಜನರಿಗೆ ಅಲ್ಲಿ ‘ಯಂಗೋ’ ಅನ್ನುವ ವೇದಿಕೆಯಿದೆ. 2009ರಲ್ಲಿ ತಾತ್ಕಾಲಿಕವಾಗಿ, 2011ರಲ್ಲಿ ಪೂರ್ತಿಯಾಗಿ ಅದಕ್ಕೆ ಮಾನ್ಯತೆ ಸಿಕ್ಕಿತು. ಮಾನ್ಯತೆ ಅಂದರೆ ವೀಕ್ಷಕರ ಬ್ಯಾಡ್ಜು. ದೇಶಗಳೆಲ್ಲ ಮಾತಾಡಿ ಮುಗಿಸಿದ ಮೇಲೆ ಒಂದೆರಡು ನಿಮಿಷದ ಮಾತು. ಅಷ್ಟು ಹೊತ್ತಿಗೆ ಸಭಾಂಗಣ ಅರ್ಧ ಖಾಲಿಯಾಗಿರುತ್ತದೆ. ಈ ವೇದಿಕೆ ಕಟ್ಟಿದವರ ಶ್ರಮ ದೊಡ್ಡದು, ಅಲ್ಲಿ ಪಳಗಿದವರು ಎಷ್ಟೋ ಜನ ಮುಂದೆ ತಮ್ಮ ದೇಶದ ನಿಯೋಗದಲ್ಲೇ ಕೂತಿದ್ದಾರೆ. ಆದರೆ ಒಪ್ಪಂದದ ಕರಡಿನಲ್ಲಿ ಒಂದು ಅಲ್ಪವಿರಾಮ ಬದಲಿಸುವ ಅಧಿಕಾರವೂ ಆ ಬ್ಯಾಡ್ಜಿಗಿಲ್ಲ.

ಹಾಗಾದರೆ ಕೇಸು ಹಾಕಬಹುದಲ್ವಾ? ಹೇಗ್‌ನಲ್ಲಿ ಒಂದು ದೇಶ ಇನ್ನೊಂದರ ಮೇಲೆ ದಾವೆ ಹೂಡಬೇಕಾದರೆ, ಆ ಇನ್ನೊಂದು ದೇಶ ನ್ಯಾಯಾಲಯದ ಅಧಿಕಾರವನ್ನು ಒಪ್ಪಿರಬೇಕು. ಜಾಸ್ತಿ ಹೊಗೆ ಬಿಟ್ಟ ದೇಶಗಳಲ್ಲಿ ಹಲವು ಒಪ್ಪಿಲ್ಲ. ಅದೂ ಅಲ್ಲದೆ ರಸ್ತೆ, ಆಸ್ಪತ್ರೆ, ಶಾಲೆಗೆ ಅದೇ ದೇಶಗಳಿಂದ ನೆರವು ಪಡೆಯುವ ಪುಟ್ಟ ದೇಶ ಅವರನ್ನೇ ಕಟಕಟೆಗೆ ಎಳೆಯುವುದು ಸುಲಭದ ಮಾತಲ್ಲ.

ಮಕ್ಕಳು ನೇರವಾಗಿ ದೂರು ಕೊಡುವ ದಾರಿಯನ್ನೂ ಅದೇ ಕಾಲದಲ್ಲಿ ಬೇರೆಯವರು ನೋಡಿದ್ದರು. ನಮ್ಮ ಉತ್ತರಾಖಂಡದ ರಿಧಿಮಾ ಪಾಂಡೆ 2017ರಲ್ಲಿ, 9ನೇ ವಯಸ್ಸಿಗೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದಳು. 2019ರಲ್ಲಿ ಅರ್ಜಿ ವಜಾ ಆಯಿತು. ಅದೇ ವರ್ಷ ಬೇರೆ ದೇಶಗಳ ಮಕ್ಕಳ ಜೊತೆ ಸೇರಿ, ಒಟ್ಟು 16 ಮಂದಿ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಗೆ ದೂರು ಕೊಟ್ಟರು. 2021ರಲ್ಲಿ ಸಮಿತಿ, ಮೊದಲು ನಿಮ್ಮ ನಿಮ್ಮ ದೇಶದ ಕೋರ್ಟುಗಳಿಗೆ ಹೋಗಿ ಬನ್ನಿ ಅಂದುಬಿಟ್ಟಿತು. ಆ ಮಕ್ಕಳ ಧೈರ್ಯದಲ್ಲಿ ಏನೂ ಕೊರತೆ ಇರಲಿಲ್ಲ. ಬಾಗಿಲು ಕಿರಿದಾಗಿತ್ತು.

ಸಲಹಾ ಅಭಿಪ್ರಾಯದ ದಾರಿ ಬೇರೆ. ಇದರಲ್ಲಿ ಪ್ರತಿವಾದಿ ಅಂತ ಯಾರೂ ಇಲ್ಲ. ವಿಶ್ವಸಂಸ್ಥೆಯ ಮಹಾಸಭೆ ನ್ಯಾಯಾಲಯಕ್ಕೆ ಒಂದು ಪ್ರಶ್ನೆ ಕಳಿಸುತ್ತದೆ: ಕಾನೂನು ಏನು ಹೇಳುತ್ತದೆ, ತಿಳಿಸಿ. ಮಹಾಸಭೆಯಲ್ಲಿ ಬಹುಮತ ಸಾಕು. ಅಲ್ಲಿ ಮೂರು ಲಕ್ಷ ಜನರ ವನುವಾಟುವಿಗೂ ಒಂದು ಮತ, ಅಮೆರಿಕಕ್ಕೂ ಒಂದು ಮತ. ಕಾಪ್‌ನಲ್ಲಿ ಕೆಲವರು ಬೇಡ ಅಂದರೆ ಕೆಲಸ ಕೆಡುತ್ತದೆ, ಇಲ್ಲಿ ಜಾಸ್ತಿ ಜನ ಬೇಕು ಅಂದರೆ ಕೆಲಸ ಆಗುತ್ತದೆ. ವಿದ್ಯಾರ್ಥಿಗಳು ಹಿಡಿದ ಎಳೆ ಇದು.

ಇದು ಅವರಿಗೇ ಹೊಸದಾಗಿ ಹೊಳೆದದ್ದೇನಲ್ಲ. 2011ರಲ್ಲಿ ಪಲಾವ್ ಅನ್ನುವ ದ್ವೀಪದೇಶ ಇದೇ ಪ್ರಯತ್ನಕ್ಕೆ ಇಳಿದಿತ್ತು. ಸಾಕಷ್ಟು ದೇಶಗಳು ಜೊತೆಗೆ ಬರಲಿಲ್ಲ, ಮಾತು ಅಲ್ಲೇ ಬಿದ್ದುಹೋಯಿತು. ಈ ಸಲ ದೇಶಗಳನ್ನು ಒಂದೊಂದಾಗಿ ಒಲಿಸಬೇಕಿತ್ತು. ಆ ಕೆಲಸಕ್ಕೆ ಏಷ್ಯಾ, ಆಫ್ರಿಕಾ, ಯುರೋಪು, ಲ್ಯಾಟಿನ್ ಅಮೆರಿಕಗಳ ಯುವಜನರನ್ನೂ ಸೇರಿಸಿಕೊಂಡು ಇನ್ನೊಂದು ಕೂಟ ಕಟ್ಟಿದರು. ಅವರವರು ಅವರವರ ದೇಶದ ವಿದೇಶಾಂಗ ಕಚೇರಿಯ ಬೆನ್ನು ಬಿದ್ದರು.

ಪ್ರಶ್ನೆ ಬರೆಯುವ ಕೆಲಸ

2021ರ ಸೆಪ್ಟೆಂಬರ್‌ನಲ್ಲಿ ವನುವಾಟು ಇದನ್ನು ದೇಶದ ಅಧಿಕೃತ ನಿಲುವಾಗಿ ಘೋಷಿಸಿತು. 2022ರ ಜುಲೈನಲ್ಲಿ ದ್ವೀಪದೇಶಗಳ ಒಕ್ಕೂಟ ಒಪ್ಪಿತು. 18 ದೇಶಗಳ ಗುಂಪು ಕೂತು ನಿರ್ಣಯದ ಕರಡು ತಿದ್ದಿತು.

ಕೊನೆಗೆ ಉಳಿದದ್ದು ಎರಡೇ ಪ್ರಶ್ನೆ. ಸರಳ ಮಾಡಿ ಹೇಳಿದರೆ ಹೀಗೆ. ಮೊದಲನೆಯದು: ಹವಾಮಾನವನ್ನು ಕಾಪಾಡಲು ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ದೇಶಗಳ ಕರ್ತವ್ಯಗಳೇನು, ಇವತ್ತಿನ ಮತ್ತು ಮುಂದಿನ ತಲೆಮಾರುಗಳಿಗಾಗಿ? ಎರಡನೆಯದು: ಮಾಡಿದ್ದರಿಂದಲೋ, ಮಾಡದೇ ಬಿಟ್ಟಿದ್ದರಿಂದಲೋ ಹವಾಮಾನಕ್ಕೆ ದೊಡ್ಡ ಹಾನಿ ಮಾಡಿದ ದೇಶಗಳಿಗೆ ಕಾನೂನಿನ ಪರಿಣಾಮಗಳೇನು?

ಯಾವ ದೇಶದ ಹೆಸರೂ ಇಲ್ಲ. ‘ಪರಿಹಾರ’ ಅನ್ನುವ ಪದವೂ ಇಲ್ಲ. ಆದರೆ ಎರಡನೇ ಪ್ರಶ್ನೆಗೆ ಉತ್ತರ ಕೊಡಬೇಕಾದ ನ್ಯಾಯಾಧೀಶರು ಆ ಪದವನ್ನು ಮುಟ್ಟದೆ ದಾಟುವುದು ಕಷ್ಟ, ಯಾಕೆಂದರೆ ತಪ್ಪು ಮಾಡಿದರೆ ಸರಿಪಡಿಸು ಅನ್ನುವುದು ದೇಶಗಳ ನಡುವಿನ ಕಾನೂನಿನ ಮೂಲಪಾಠ. ಪ್ಯಾರಿಸ್‌ನ 51ನೇ ಪ್ಯಾರಾ ಮುಚ್ಚಿದ್ದು 8ನೇ ವಿಧಿಯ ಬಾಗಿಲನ್ನು ಮಾತ್ರ. ಇವರು ಪಕ್ಕದ ಮನೆಯ ಬಾಗಿಲು ತಟ್ಟಿದರು. ಹಿಂದಿನ ಹೊಗೆಯ ಲೆಕ್ಕ ಒಳಗೆ ಬರಲಿ ಅಂತಲೇ ‘ಮಾಡಿದ್ದರಿಂದಲೋ, ಮಾಡದೇ ಬಿಟ್ಟಿದ್ದರಿಂದಲೋ’ ಅಂತ ಸೇರಿಸಿದರು. ಈ ಎರಡು ವಾಕ್ಯಗಳನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಓದಿದಾಗೆಲ್ಲ ಅವರ ಮೇಲಿನ ಗೌರವ ಇನ್ನಷ್ಟು ಹೆಚ್ಚುತ್ತದೆ.

2023ರ ಮಾರ್ಚ್ ಮೊದಲ ವಾರ ಜೂಡಿ, ಕೆವಿನ್ ಅನ್ನುವ ಎರಡು ಚಂಡಮಾರುತಗಳು ಎರಡೇ ದಿನದ ಅಂತರದಲ್ಲಿ ವನುವಾಟುವಿಗೆ ಅಪ್ಪಳಿಸಿದವು. ಅದೇ ತಿಂಗಳ 29ಕ್ಕೆ ನ್ಯೂಯಾರ್ಕ್‌ನಲ್ಲಿ ನಿರ್ಣಯ ಮಹಾಸಭೆಗೆ ಬಂತು. 132 ದೇಶಗಳು ಸಹಪ್ರಾಯೋಜಕರಾಗಿದ್ದವು. ಮತ ಹಾಕುವ ಪ್ರಮೇಯವೇ ಬರಲಿಲ್ಲ, ಸರ್ವಸಮ್ಮತಿಯಿಂದ ಅಂಗೀಕಾರವಾಯಿತು.

ಇಲ್ಲಿ ಇನ್ನೊಂದು ಮಾತು. 2019ರಿಂದ 2025ರ ನಡುವೆ ವನುವಾಟುವಿನಲ್ಲಿ ಪ್ರಧಾನಿ ಕುರ್ಚಿ ಮತ್ತೆ ಮತ್ತೆ ಕೈ ಬದಲಾಯಿತು. ರೆಗೆನ್ವಾನು ನಡುವೆ ವಿರೋಧಪಕ್ಷದಲ್ಲಿದ್ದರು, ಆಮೇಲೆ ಹವಾಮಾನ ಮಂತ್ರಿಯಾಗಿ ಮರಳಿದರು. ಸರ್ಕಾರಗಳು ಬಿದ್ದರೂ ಈ ಕೆಲಸ ಬೀಳಲಿಲ್ಲ. ಹೊರಗೆ ನಿಂತು ಹಿಡಿದುಕೊಂಡಿದ್ದ ಯುವಜನರು ಇಲ್ಲದಿದ್ದರೆ ಇದು ಯಾವುದೋ ಫೈಲಿನಲ್ಲಿ ಸುಮ್ನೆ ಕೂತಿರುತ್ತಿತ್ತು ಅಂತ ನನಗನ್ನಿಸುತ್ತದೆ.

ಬಾಕುವಿನ ದುಡ್ಡು, ಹೇಗ್‌ನ ಮಾತು

ದುಡ್ಡಿನ ಕಥೆ ಈ ಯಾವ ವಿದ್ಯಾರ್ಥಿಗಿಂತಲೂ ಹಳೆಯದು. 1991ರಲ್ಲಿ, ಹವಾಮಾನ ಒಪ್ಪಂದದ ಕರಡು ಇನ್ನೂ ಸಿದ್ಧವಾಗುತ್ತಿದ್ದಾಗ, ಇದೇ ವನುವಾಟು ಸಣ್ಣ ದ್ವೀಪಗಳ ಪರವಾಗಿ ಒಂದು ಪ್ರಸ್ತಾಪ ಇಟ್ಟಿತ್ತು. ಕಡಲು ಏರಿ ನಷ್ಟವಾಗುವವರಿಗೆ ಕೊಡಲು ಶ್ರೀಮಂತ ದೇಶಗಳು ಹಣ ಹಾಕಿ ವಿಮೆಯಂಥ ಒಂದು ನಿಧಿ ಮಾಡಬೇಕು ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ‘ನಷ್ಟ ಮತ್ತು ಹಾನಿ ನಿಧಿ’ಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ. 31 ವರ್ಷ ಬೇಕಾಯಿತು.

2025ರ ಕೊನೆಯ ಹೊತ್ತಿಗೆ ಎಲ್ಲ ದೇಶಗಳೂ ಸೇರಿ ಆ ನಿಧಿಗೆ ಕೊಡುತ್ತೇವೆ ಅಂದಿದ್ದದ್ದು ಸುಮಾರು 80 ಕೋಟಿ ಡಾಲರ್. 2015ರಲ್ಲಿ ಪ್ಯಾಮ್ ಅನ್ನುವ ಒಂದೇ ಚಂಡಮಾರುತ ವನುವಾಟುವಿಗೆ ಮಾಡಿದ ನಷ್ಟ ಸುಮಾರು 45 ಕೋಟಿ ಡಾಲರ್, ಅಂದರೆ ಅವರ ಒಂದು ವರ್ಷದ ಒಟ್ಟು ಉತ್ಪನ್ನದ ಶೇ 64. ಪ್ಯಾಮ್‌ನಂಥ ಎರಡು ಗಾಳಿ ಬೀಸಿದರೆ ಇಡೀ ಜಗತ್ತಿನ ನಿಧಿ ಖಾಲಿ.

ಉಳಿದ ಹವಾಮಾನ ಹಣದ ಕಥೆಯೂ ಅಷ್ಟೇ. ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ, 2020ಕ್ಕೆ ಆ ಮಟ್ಟ ಮುಟ್ಟುತ್ತೇವೆ ಅಂತ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಅವರದೇ ಲೆಕ್ಕದ ಪ್ರಕಾರ ಮುಟ್ಟಿದ್ದು 2022ರಲ್ಲಿ. ಅದರಲ್ಲಿ ಸರ್ಕಾರಿ ಹಣದ ಸುಮಾರು ಮೂರನೇ ಎರಡು ಭಾಗ ಸಾಲ. ಸಾಲ ಅಂದರೆ ಏನು ಅಂತ ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳ್ಳಾಲದಲ್ಲಿ ಕಡಲ್ಕೊರೆತ ತಡೆಯಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಕಡಲೊಳಗೆ ದಿಬ್ಬಗಳನ್ನು ಕಟ್ಟಿದರು. ಉಳ್ಳಾಲದ ಕೊರೆತಕ್ಕೆ ಬಂದರಿನ ತಡೆಗೋಡೆಯಂಥ ಬೇರೆ ಕಾರಣಗಳೂ ಇವೆ, ನಿಜ. ಆದರೆ ಏರುವ ಕಡಲಿಗೆ ಗೋಡೆ ಕಟ್ಟುವ ಸಾಲವನ್ನು, ಆ ಕಡಲು ಏರಲು ಕಾರಣರಲ್ಲದವರು ಮತ್ತು ಅವರ ಮಕ್ಕಳು ತೀರಿಸಬೇಕು. ಹವಾಮಾನ ಹಣಕಾಸು ಯುವಜನರ ವಿಷಯ ಯಾಕೆ ಅನ್ನುವುದಕ್ಕೆ ಬೇರೆ ಉತ್ತರ ಬೇಕೇ? ಕಂತು ಕಟ್ಟುವವರು ಅವರೇ.

2024ರ ನವೆಂಬರ್‌ನಲ್ಲಿ ಅಜರ್‌ಬೈಜಾನ್‌ನ ಬಾಕುವಿನಲ್ಲಿ ನಡೆದ ಕಾಪ್‌ನಲ್ಲಿ ಹೊಸ ಮೊತ್ತದ ಮಾತುಕತೆ ನಡೆಯಿತು. ಬಡ ದೇಶಗಳು ಕೇಳಿದ್ದು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್. ತೀರ್ಮಾನವಾದದ್ದು 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್. ಸಣ್ಣ ದ್ವೀಪಗಳು ಒಂದು ಹಂತದಲ್ಲಿ ಸಭೆಯಿಂದ ಎದ್ದು ಹೊರಗೆ ನಡೆದವು. ಭಾರತದ ಪ್ರತಿನಿಧಿ ಚಾಂದನಿ ರೈನಾ ಇದನ್ನು ಕಣ್ಕಟ್ಟು ಅಂತ ಕರೆದು ವಿರೋಧಿಸಿದರು. ಸುತ್ತಿಗೆ ಆಗಲೇ ಬಿದ್ದಿತ್ತು.

ಬಾಕು ಸಮ್ಮೇಳನ ಮುಗಿದದ್ದು ನವೆಂಬರ್ 24ರ ನಸುಕಿನಲ್ಲಿ. ಎಂಟು ದಿನದ ಮೇಲೆ, ಡಿಸೆಂಬರ್ 2ರಂದು, ಹೇಗ್‌ನಲ್ಲಿ ವಿಚಾರಣೆ ಶುರುವಾಯಿತು. 96 ದೇಶಗಳು, 11 ಸಂಸ್ಥೆಗಳು ವಾದ ಮಂಡಿಸಿದವು. ಆ ನ್ಯಾಯಾಲಯದ ಇತಿಹಾಸದಲ್ಲೇ ಇಷ್ಟು ದೊಡ್ಡ ವಿಚಾರಣೆ ನಡೆದಿರಲಿಲ್ಲ. ಮೊದಲ ದಿನವೇ ಸಿಂಥಿಯಾ ಹೌನಿಯುಹಿ ನ್ಯಾಯಾಧೀಶರ ಮುಂದೆ ನಿಂತು ಮಾತಾಡಿದರು. ಸಾಲೊಮನ್ ದ್ವೀಪಗಳ ಫನಲೇ ಅನ್ನುವ ತಮ್ಮವರ ನೆಲ ಹೇಗೆ ನೀರಿನ ಪಾಲಾಗುತ್ತಿದೆ ಅನ್ನುವುದನ್ನು ಹೇಳಿದರು. ಅವರ ಕೊರಳಲ್ಲಿ ವೀಕ್ಷಕರ ಬ್ಯಾಡ್ಜು ಇರಲಿಲ್ಲ. ವನುವಾಟು ನಿಯೋಗದ ಭಾಗವಾಗಿ ನಿಂತಿದ್ದರು. ಮುಂದೆ ಕಪ್ಪು ಗೌನು ತೊಟ್ಟ ನ್ಯಾಯಾಧೀಶರು, ಅವರಲ್ಲಿ ನಮ್ಮ ದಲ್ವೀರ್ ಭಂಡಾರಿಯವರೂ ಒಬ್ಬರು. ಐದು ವರ್ಷದ ಹಿಂದೆ ತರಗತಿಯಲ್ಲಿ ಈ ನ್ಯಾಯಾಲಯದ ಬಗ್ಗೆ ಟಿಪ್ಪಣಿ ಮಾಡಿಕೊಂಡಿದ್ದವರು ಈಗ ಅದೇ ನ್ಯಾಯಾಲಯ ಟಿಪ್ಪಣಿ ಮಾಡಿಕೊಳ್ಳುವ ಹಾಗೆ ಮಾತಾಡುತ್ತಿದ್ದರು.

ಡಿಸೆಂಬರ್ 5ರಂದು ಭಾರತ ವಾದ ಮಂಡಿಸಿತು. ಜಗತ್ತಿನ ಜನಸಂಖ್ಯೆಯ ಶೇ 17.8 ಇಲ್ಲಿದ್ದರೂ ಇದುವರೆಗಿನ ಒಟ್ಟು ಹೊಗೆಯಲ್ಲಿ ನಮ್ಮ ಪಾಲು ಶೇ 4ಕ್ಕಿಂತ ಕಡಿಮೆ, ಹೊಣೆ ಹೊರಬೇಕಾದವರು ಶ್ರೀಮಂತ ದೇಶಗಳು, ಅವು ಕೊಟ್ಟ ಮಾತಿನ ಹಣ ಕೊಡಲಿ ಅಂದಿತು. ಇಷ್ಟು ಭಾಗ ನನಗೆ ಪೂರ್ತಿ ಒಪ್ಪಿಗೆ. ಆದರೆ ಈಗಿರುವ ಹವಾಮಾನ ಒಪ್ಪಂದಗಳನ್ನು ಮೀರಿ ನ್ಯಾಯಾಲಯ ಹೊಸ ಕರ್ತವ್ಯಗಳನ್ನು ಸೇರಿಸಬಾರದು ಅಂತಲೂ ಭಾರತ ಹೇಳಿತು. ಇಲ್ಲಿ ನನಗೆ ಬೇಸರವಾಯಿತು. ಒಪ್ಪಂದಗಳೇ ಸಾಕು ಅಂತ ಶ್ರೀಮಂತ ದೇಶಗಳೂ ವಾದಿಸುತ್ತಿದ್ದವು. ಬಾಕುವಿನಲ್ಲಿ ಮೋಸವಾಯಿತು ಅಂದ ನಾವೇ ಎರಡು ವಾರ ಕಳೆಯುವುದರೊಳಗೆ ಬಾಕುವಿನ ದಾರಿಯೇ ಸಾಕು ಅಂದ ಹಾಗಾಯಿತು.

2025ರ ಜುಲೈ 23

ನಮ್ಮಲ್ಲಿ ಸಂಜೆ ಆರೂವರೆ. ಹೇಗ್‌ನಲ್ಲಿ ಮಧ್ಯಾಹ್ನ ಮೂರು. ನ್ಯಾಯಾಲಯದ ಅಧ್ಯಕ್ಷ ಯೂಜಿ ಇವಾಸಾವಾ ಅಭಿಪ್ರಾಯ ಓದಲು ಶುರು ಮಾಡಿದರು. ಓದಿ ಮುಗಿಸಲು ಎರಡು ಗಂಟೆ ಹಿಡಿಯಿತು.

ಎಲ್ಲ ನ್ಯಾಯಾಧೀಶರೂ ಒಮ್ಮತದಿಂದ ಕೊಟ್ಟ ಅಭಿಪ್ರಾಯ ಅದು. ತಾಪಮಾನ ಏರಿಕೆಯನ್ನು 1.5 ಡಿಗ್ರಿಯೊಳಗೆ ಹಿಡಿಯುವುದೇ ಮುಖ್ಯ ಗುರಿ ಅಂದರು. ಹವಾಮಾನ ಒಪ್ಪಂದಗಳ ಆಚೆಗಿನ ಕಾನೂನೂ ಅನ್ವಯಿಸುತ್ತದೆ ಅಂದರು. ಪಳೆಯುಳಿಕೆ ಇಂಧನ ತೆಗೆಯುವುದು, ಅದಕ್ಕೆ ಲೈಸೆನ್ಸ್ ಕೊಡುವುದು, ಸಬ್ಸಿಡಿ ಕೊಡುವುದು, ಇವೂ ದೇಶವೊಂದರ ಕಾನೂನುಬಾಹಿರ ನಡೆ ಆಗಬಹುದು ಅಂದರು. ಹಾಗೆ ತಪ್ಪು ಸಾಬೀತಾದರೆ, ತಪ್ಪಿಗೂ ಹಾನಿಗೂ ಸಾಕಷ್ಟು ನೇರವಾದ, ಖಚಿತವಾದ ಸಂಬಂಧ ತೋರಿಸಿದರೆ, ಹಾನಿಗೊಳಗಾದ ದೇಶಕ್ಕೆ ಸಿಗಬೇಕಾದ್ದರಲ್ಲಿ ಹಣದ ಪರಿಹಾರವೂ ಸೇರಿದೆ ಅಂದರು.

ಪರಿಹಾರ. ಪ್ಯಾರಿಸ್‌ನಲ್ಲಿ ಹೊರಗಿಟ್ಟ ಪದ ಅದು.

ಹಣದ ಬಗ್ಗೆ ಅಷ್ಟಾಗಿ ಸುದ್ದಿಯಾಗದ ಇನ್ನೊಂದು ಮಾತೂ ಅಲ್ಲಿದೆ. ಬಡ ದೇಶಗಳಿಗೆ ಹಣಕಾಸಿನ ನೆರವು ಕೊಡುವುದು ಪ್ಯಾರಿಸ್ ಒಪ್ಪಂದದಡಿ ಶ್ರೀಮಂತ ದೇಶಗಳ ಕರ್ತವ್ಯ. ಒಪ್ಪಂದದ ಗುರಿ ಮುಟ್ಟಲು ಆಗುವಷ್ಟು ಮಟ್ಟದಲ್ಲಿ, ಆಗುವಂಥ ರೀತಿಯಲ್ಲಿ ಅದನ್ನು ಕೊಡಬೇಕು. ಮೊತ್ತ ಇಷ್ಟೇ ಅಂತ ನ್ಯಾಯಾಲಯ ಹೇಳಿಲ್ಲ. ಆದರೆ ಬಾಕುವಿನ 30,000 ಕೋಟಿ ಗುರಿ ಮುಟ್ಟಲು ಸಾಕೇ ಅಂತ ಕೇಳುವುದು ಇನ್ನು ಮುಂದೆ ಕಾನೂನಿನ ಪ್ರಶ್ನೆ. ಭಾರತ ಹಣದ ಬಗ್ಗೆ ಮಾಡಿದ ವಾದಕ್ಕೂ ಇದರಿಂದ ಬಲ ಬಂದಿದೆ.

ಅಭಿಪ್ರಾಯ ಯಾರನ್ನೂ ಕಟ್ಟಿಹಾಕುವುದಿಲ್ಲ. ಯಾವ ದೇಶದ ಖಾತೆಯಿಂದಲೂ ಒಂದು ಡಾಲರ್ ಇದರಿಂದ ನೇರವಾಗಿ ಕದಲುವುದಿಲ್ಲ. ಅಮೆರಿಕ ಆ ವರ್ಷದ ಮಾರ್ಚ್‌ನಲ್ಲೇ ನಷ್ಟ ಮತ್ತು ಹಾನಿ ನಿಧಿಯ ಮಂಡಳಿಯಿಂದ ಹೊರನಡೆದಿತ್ತು. ನೇರ ಸಂಬಂಧ ತೋರಿಸುವುದೂ ಪ್ರತಿ ಕೇಸಿನಲ್ಲೂ ಬೆವರಿಳಿಸುವ ಕೆಲಸ. ಇದೆಲ್ಲ ನಿಜ. ಆದರೆ ಜಗತ್ತಿನ ಯಾವುದೇ ಕೋರ್ಟಿನಲ್ಲಿ, ಯಾವುದೇ ಮಾತುಕತೆಯಲ್ಲಿ ಇನ್ನು ಮುಂದೆ ಇದನ್ನು ಎತ್ತಿ ತೋರಿಸಬಹುದು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿ ಬದುಕುವ ಹಕ್ಕನ್ನು ನಮ್ಮ ಸುಪ್ರೀಂ ಕೋರ್ಟ್ 2024ರಲ್ಲಿ, ಹೆಬ್ಬಕ ಹಕ್ಕಿಯ ಪ್ರಕರಣದಲ್ಲಿ, ಗುರುತಿಸಿದೆ. ಕೊಡಗಿನಲ್ಲೋ ಕರಾವಳಿಯಲ್ಲೋ ನಾಳೆ ಕಾನೂನು ಓದುವ ಹುಡುಗಿಯೊಬ್ಬಳು ಅರ್ಜಿ ಬರೆಯಲು ಕೂತರೆ, ಅವಳ ಮೇಜಿನ ಮೇಲೆ ಈ ಎರಡೂ ಕಾಗದಗಳಿರುತ್ತವೆ.

2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಮ್ ಸಮ್ಮೇಳನದಲ್ಲಿ ನಷ್ಟ ಮತ್ತು ಹಾನಿ ನಿಧಿ ಮೊದಲ ಬಾರಿಗೆ ಅರ್ಜಿ ಕರೆಯಿತು. ಮೊದಲ ಕಂತಿಗೆ ಇಟ್ಟಿರುವುದು 25 ಕೋಟಿ ಡಾಲರ್. ನಿಧಿಯ ಮಂಡಳಿಯಲ್ಲಿ 26 ಸ್ಥಾನಗಳಿವೆ. ಯುವಜನರನ್ನು ವೀಕ್ಷಕರಾಗಿ ಕರೆಯಬೇಕು ಅಂತ ಅದರ ನಿಯಮಾವಳಿಯಲ್ಲೇ ಇದೆ. ಅವರು ಮಾತಾಡಬಹುದು, ತೀರ್ಮಾನ ಕೈಗೊಳ್ಳುವಂತಿಲ್ಲ. ವನುವಾಟುವಿನ ಪೆಲೆ ದ್ವೀಪದಲ್ಲಿ ಕಡಲು ಈಗ ಹಳ್ಳಿಯ ಸಮಾಧಿಗಳವರೆಗೆ ಬಂದಿದೆ.